ಹರಿಯದ ಕಾಗದದ ಬಾಗಿಲು

ಮಾತ್ಸುಯೆ
ಶೋವಾ 9ನೇ ವರ್ಷ (1934), ಮೇ 14

ಪ್ರೀತಿಯ ಇಕುಯೊ ಅಕ್ಕನಿಗೆ,

ಇಲ್ಲಿ ಎಳೆ ಎಲೆಗಳ ಕಾಲ. ಕೋಟೆಯ ಕಂದಕದ ದಂಡೆಯ ಮರಗಳು ನೀರಿನಲ್ಲಿ ಬೆರಳದ್ದಿ ನೋಡುವಷ್ಟು ಬಾಗಿವೆ. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಒಂದೂವರೆ ತಿಂಗಳು ಕಳೆದುಬಿಟ್ಟೆ. ಬೈಯಬೇಡ. ಬರೆಯಲು ಏನೂ ಇರಲಿಲ್ಲ ಎಂದಲ್ಲ. ಬರೆಯಬಾರದ್ದು ತುಂಬ ಇತ್ತು.

ಆರು ತಿಂಗಳ ಬಸುರಿ, ಮಾವನವರು ಡಾಕ್ಟರು, ಮೆಟ್ಟಿಲು ಇಳಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದಾರೆ, ಟೋಕಿಯೋದಲ್ಲಿದ್ದೂ ಟೋಕಿಯೋ ಕಾಣದೆ ಮಹಡಿಯ ಕೋಣೆಯಲ್ಲಿ ಮಲಗಿ ಸೂರಿನ ಹಲಗೆಗಳನ್ನು ನೋಡುತ್ತಿದ್ದೇನೆ ಎಂದು ಬರೆದಿದ್ದೀಯ. ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ನಾನು ಹೇಳುತ್ತಿದ್ದ ಕಥೆಗಳಿಗೆ ಮೊದಲು ನಗುತ್ತಿದ್ದವಳು ನೀನು. ನಿನ್ನೊಬ್ಬಳ ಮುಂದೆ ಮಾತ್ರ ನನಗೆ ಬಾಯಿ ಬರುತ್ತಿತ್ತು. ಅದನ್ನು ನೆನೆದೇ ಇವತ್ತು ಕೂತಿದ್ದೇನೆ.

ಮೊದಲು ಸುದ್ದಿ: ನನಗೆ ಕೆಲಸ ಸಿಕ್ಕಿದೆ. ಒಬಾತಾ ಮೇಷ್ಟ್ರು ಎಂದು ಇಲ್ಲೊಬ್ಬರು ಮೂಳೆ ಕೂಡಿಸುವವರಿದ್ದಾರೆ. ಮುಂದಿನ ಕೋಣೆಯಲ್ಲಿ ಮುರಿದ ಕೈಕಾಲು ಕಟ್ಟುತ್ತಾರೆ, ಹಿಂದಿನ ಚಾಪೆ ಹಾಸಿದ ದೊಡ್ಡ ಕೋಣೆಯಲ್ಲಿ ಜೂಡೋ ಕಲಿಸುತ್ತಾರೆ. ಹಿಂದೆ ಮುರಿದು ಮುಂದೆ ಕಟ್ಟುತ್ತಾರೆ ಎಂದು ಊರಿನವರ ತಮಾಷೆ. ಸಾಹಿತ್ಯ ಓದಿದ ನಾನು ಮುಂದಿನ ಕೋಣೆಯಲ್ಲಿ ರೋಗಿಗಳ ಪಟ್ಟಿ ಬರೆಯುತ್ತೇನೆ. ಮೊಣಕೈ, ಎಡಗಡೆ, ಮೀನುಗಾರ, ಕಾರಣ ದೋಣಿಯಿಂದ ಬಿದ್ದದ್ದು. ಹೀಗೆ.

ಹೆಂಗಸರ ತರಗತಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ. ನನ್ನನ್ನೂ ಸೇರಿಸಿ ಹನ್ನೊಂದು ಜನ ಕಲಿಯುತ್ತೇವೆ. ಎಲ್ಲರಿಗಿಂತ ಹಿಂದೆ ನಾನು. ಬೀಳುವುದನ್ನೇ ಇನ್ನೂ ಕಲಿತಿಲ್ಲ. ಗಂಡಸರ ಹೆಸರು ಬರೆದ ಪುಟ್ಟ ಹಲಗೆಗಳು ದೊಡ್ಡ ಗೋಡೆಯ ಮೇಲೆ ದರ್ಜೆಯ ಪ್ರಕಾರ ತೂಗುತ್ತವೆ. ನಮ್ಮವು ಚಹಾದ ಕೆಟಲಿರುವ ಮೂಲೆಯಲ್ಲಿ.

ನಮಗೆ ಕಲಿಸುವವರು ಕಾಜಿತಾನಿ ತೊಮಿ. ಮೂವತ್ತಾರು ವರ್ಷ, ನನ್ನ ಕಿವಿಯವರೆಗೆ ಬರುತ್ತಾರೆ ಅಷ್ಟೆ. ಮೀನಿನ ವಡೆ ಮಾಡುವವರ ಮಗಳು, ಈಗ ಗಂಡನಿಲ್ಲ. ಹನ್ನೆರಡು ವರ್ಷದ ಹಿಂದೆ ಕಳಚಿದ ಭುಜ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದವರು, ಗುಣವಾದ ಮೇಲೆ ಮನೆಗೆ ಹೋಗದೆ ಹಿಂದಿನ ಕೋಣೆಗೆ ಹೋದರಂತೆ. ಆ ವರ್ಷದ ಪಟ್ಟಿಯನ್ನು ನಾನು ಹುಡುಕಿ ತೆಗೆದೆ. ಭುಜ, ಬಲಗಡೆ, ಗೃಹಿಣಿ. ಕಾರಣದ ಜಾಗ ಖಾಲಿ. ಎಲ್ಲರ ಕಾರಣವನ್ನೂ ಬರೆದಿಡುವ ಮೇಷ್ಟ್ರು ಇದೊಂದನ್ನು ಯಾಕೆ ಬಿಟ್ಟರು? ನೋಡಿದೆಯಾ, ನನ್ನ ಹಳೆಯ ಚಾಳಿ ಹೋಗಿಲ್ಲ.

ಟೋಕಿಯೋದ ಜೂಡೋ ಮಂಡಳಿಯ ನಿಯಮ ಹೀಗಿದೆ. ಹೆಂಗಸರು ಬೀಳುವುದನ್ನು ಕಲಿಯಬಹುದು. ಮೊದಲೇ ಗೊತ್ತುಮಾಡಿಕೊಂಡ ಪಟ್ಟುಗಳನ್ನು ಒಬ್ಬರ ಮೇಲೊಬ್ಬರು ಸಾವಧಾನವಾಗಿ ಹಾಕಬಹುದು. ಯಾರು ಯಾರನ್ನು ಕೆಡವುತ್ತಾರೋ ಗೊತ್ತಿಲ್ಲದ ಸೆಣಸಾಟವನ್ನು ಗಂಡಸರ ಜೊತೆ ಆಡುವಂತಿಲ್ಲ. ಗರ್ಭಕೋಶಕ್ಕೆ ಕೇಡಂತೆ. ಅಕ್ಟೋಬರಿನಲ್ಲಿ ತೊಮಿ ಗುರುಗಳು ಟೋಕಿಯೋಗೆ ಹೋಗಿ, ಸೊಂಟಕ್ಕೆ ಕಟ್ಟುವ ಕಪ್ಪು ಪಟ್ಟಿಯ ಪರೀಕ್ಷೆಗೆ ನಿಲ್ಲುತ್ತಾರೆ. ಸುತ್ತಿನ ನಾಲ್ಕು ಜಿಲ್ಲೆಗಳಲ್ಲಿ ಆ ಪಟ್ಟಿ ಕಟ್ಟಿದ ಹೆಂಗಸು ಒಬ್ಬರೂ ಇಲ್ಲ. ಒಬಾತಾ ಮೇಷ್ಟ್ರಿಗೆ ಎಪ್ಪತ್ತೊಂದು. ಹೊಸ ವರ್ಷಕ್ಕೆ ಕಲಿಸುವುದನ್ನು ಬಿಡುತ್ತಾರೆ. ಗುರುಗಳಿಗೆ ಪಟ್ಟಿ ಬಂದರೆ ಹೆಂಗಸರ ತರಗತಿ ಅವರ ಹೆಸರಿನಲ್ಲಿ ಮುಂದುವರಿಯುತ್ತದೆ. ಬರದಿದ್ದರೆ ಮುಚ್ಚುತ್ತದೆ.

ಈಗ ಬರೆಯಬಾರದ್ದು. ಮಾರ್ಚಿನಲ್ಲಿ ಒಂದು ದಿನ ಗುರುಗಳು ಮೇಷ್ಟ್ರ ಮುಂದೆ ಮಂಡಿಯೂರಿ ಕೂತು ಹೇಳಿದರು: “ಹೇಳಿಕೊಟ್ಟ ಹಾಗೆ ಬೀಳೋರನ್ನ ಬೀಳಿಸಿ ಬೀಳಿಸಿ ನಂಗೆ ಸುಳ್ಳು ಅಭ್ಯಾಸ ಆಗ್ತಿದೆ ಮೇಷ್ಟ್ರೇ. ಬೀಳಲ್ಲ ಅನ್ನೋರು ಒಬ್ಬರು ಬೇಕು.” ಮೇಷ್ಟ್ರು ಬಹಳ ಹೊತ್ತು ಬ್ಯಾಂಡೇಜು ಸುತ್ತುತ್ತಲೇ ಇದ್ದರು. ಆಮೇಲೆ ಇಶಿಬಾಶಿಯವರಿಗೆ ಹೇಳಿಕಳಿಸಿದರು.

ಇಶಿಬಾಶಿ ಪೊಲೀಸರಿಗೆ ಜೂಡೋ ಕಲಿಸುವವರು. ಎಮ್ಮೆಯಂಥ ಕತ್ತು, ಬಾಯಿ ತುಂಬ ಹಾಸ್ಯ. ಸೋಮವಾರ, ಗುರುವಾರ ಬೆಳಗಿನ ಐದಕ್ಕೆ ಹಿಂಬಾಗಿಲಿನಿಂದ ಬರುತ್ತಾರೆ. ನಾನು ಜಗಲಿಯಲ್ಲಿ, ಕಾಗದದ ಜಾರುಬಾಗಿಲಿನ ಹೊರಗೆ, ಬೀದಿ ಕಾಯುತ್ತ ಕೂರುತ್ತೇನೆ. ಯಾರಾದರೂ ಬಂದರೆ ಕೆಮ್ಮಬೇಕು. ಪೊಲೀಸಿನವರು ಸುಮ್ಮನೆ ಯಾರಿಗಾದರೂ ಉಪಕಾರ ಮಾಡುವುದುಂಟೇ ಅಕ್ಕ? ಈ ಮನುಷ್ಯನಿಗೆ ಇದರಿಂದ ಏನು ಸಿಗಬೇಕು ಎಂದು ನಾನು ಪ್ರತಿ ಸಲ ಯೋಚಿಸುತ್ತೇನೆ.

ಹದಿನೇಳು ಸಲ ಅವರು ಗುರುಗಳನ್ನು ಕೆಡವಿದರು. ಹೋದ ಗುರುವಾರ ಏನಾಯಿತು ಗೊತ್ತೇ? ಗುರುಗಳು ಆ ಎಮ್ಮೆಯನ್ನು ಹೆಗಲ ಮೇಲಿಂದ ಎತ್ತಿ ಎಸೆದೇಬಿಟ್ಟರು. ಅವರು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿದರು. ಒಂದು ಕಾಲು ಕಾಗದದ ಬಾಗಿಲನ್ನು ಸೀಳಿಕೊಂಡು ಜಗಲಿಗೆ, ನನ್ನ ಮೂಗಿನ ಮುಂದಕ್ಕೇ ಬಂತು. ಐದೂ ಬೆರಳು ಆಡುತ್ತಿದ್ದವು. ಒಳಗಿನಿಂದ ದನಿ: “ನುಯಿ, ಅಲ್ಲಿ ನನ್ನ ಕಾಲೇನಾದ್ರೂ ಬಂದಿದ್ರೆ ಸ್ವಲ್ಪ ಒಳಗೆ ತಳ್ಳಮ್ಮ.”

ನಕ್ಕೆಯಾ? ನಗು. ಆದರೆ ಯಾರ ಮುಂದೆಯೂ ಆಡಬೇಡ. ಇಲ್ಲಿ ಸೇರುವಾಗ ದೊಡ್ಡ ಪುಸ್ತಕವೊಂದರಲ್ಲಿ ಹೆಸರು ಬರೆದು, ಸೂಜಿಯಿಂದ ಬೆರಳು ಚುಚ್ಚಿಕೊಂಡು, ಹೆಸರಿನ ಕೆಳಗೆ ರಕ್ತದ ಹೆಬ್ಬೆಟ್ಟು ಒತ್ತಬೇಕು. ಇಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಅಪ್ಪಣೆಯಿಲ್ಲದೆ ಹೊರಗಿನವರಿಗೆ ತಿಳಿಸುವುದಿಲ್ಲ ಎಂದು ಆಣೆ. ನಾನೂ ಒತ್ತಿದ್ದೇನೆ. ನೀನು ಹೊರಗಿನವಳಲ್ಲವಲ್ಲ.

ಕೂಸು ಸುಖವಾಗಿರಲಿ. ಮಾವನವರ ಮಾತು ಕೇಳು, ಅತ್ತೆಯವರ ಮಾತನ್ನು ಕೇಳಿದ ಹಾಗೆ ಮಾಡು.

ನಿನ್ನ
ನುಯಿ

ಮರೆತಿದ್ದೆ: ಓದಿದ ಮೇಲೆ ಇದನ್ನು ಒಲೆಗೆ ಹಾಕು.

* * *

ಮಾತ್ಸುಯೆ
ಜುಲೈ 3

ಪ್ರೀತಿಯ ಅಕ್ಕನಿಗೆ,

ಮಳೆ ಬಿಡುತ್ತಿಲ್ಲ. ಚಾಪೆಗಳೆಲ್ಲ ಹಸಿ ಹುಲ್ಲಿನ ವಾಸನೆ ಹೊಡೆಯುತ್ತಿವೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕ್ಷಮಿಸು, ಮನಸ್ಸು ನೆಟ್ಟಗಿರಲಿಲ್ಲ. ಕಾಲಿನ ಕಥೆ ಓದಿ ನೀನು ನಕ್ಕ ಸದ್ದಿಗೆ ಮಾವನವರು ಗಾಬರಿಯಿಂದ ಮಹಡಿ ಹತ್ತಿ ಬಂದರೆಂದು ಓದಿ ನನಗೂ ನಗು ಬಂತು. ಆದರೆ ಲಕೋಟೆಗೆ ಅಷ್ಟೊಂದು ಅಂಟು ಯಾಕೆ ಮೆತ್ತಿದ್ದೆ? ಬಿಡಿಸುವಾಗ ಪತ್ರದ ಮೂಲೆಯೇ ಕಿತ್ತುಬಂತು. ಹಾಸ್ಟೆಲಿನಲ್ಲಿ ಅಂಟಿನ ವಿಷಯದಲ್ಲಿ ನಿನ್ನಂಥ ಜಿಪುಣಿ ಇರಲಿಲ್ಲ.

ಇಲ್ಲಿ ಕೆಟ್ಟದ್ದಾಗಿದೆ. ಜೂನ್ ಮೊದಲ ವಾರ ಟೋಕಿಯೋದ ಮಂಡಳಿಯಿಂದ ಪತ್ರ ಬಂತು. ಹೆಂಗಸರ ವಿಭಾಗದ ಶಿಕ್ಷಕಿ ಗಂಡಸಿನೊಂದಿಗೆ ಸೆಣಸಾಟ ನಡೆಸುತ್ತಿರುವುದಾಗಿ ನಂಬಬಹುದಾದ ದೂರು ಬಂದಿದೆ, ವಿಚಾರಣೆಗೆ ಜನ ಕಳಿಸುತ್ತೇವೆ, ಅಲ್ಲಿಯವರೆಗೆ ಅವರ ಪರೀಕ್ಷೆಯ ಅರ್ಜಿ ತಡೆಹಿಡಿಯಲಾಗಿದೆ. ಅಷ್ಟೆ. ಯಾರು ಹೇಳಿದರು, ಏನು ಹೇಳಿದರು ಎಂಬುದಿಲ್ಲ. ಮೇಷ್ಟ್ರು ಎರಡು ಸಲ ಓದಿ, ಮಡಚಿ, ಬ್ಯಾಂಡೇಜಿನ ಪೆಟ್ಟಿಗೆಯ ಅಡಿಗಿಟ್ಟರು. ಬೆಳಗಿನ ಅಭ್ಯಾಸ ನಿಂತಿದೆ.

ಗೊತ್ತಿದ್ದವರು ನಾಲ್ಕೇ ಜನ: ಮೇಷ್ಟ್ರು, ಗುರುಗಳು, ಇಶಿಬಾಶಿ, ನಾನು. ಗೊತ್ತಾಗಿರಬಹುದಾದವರು ಒಬ್ಬರು: ಒಟಾಕೆ ಅಜ್ಜಿ.

ಇಶಿಬಾಶಿಯವರನ್ನು ನಾನು ವಾರಗಟ್ಟಲೆ ಗಮನಿಸಿದೆ. ನಗುವ ಮುಖ. ಹೆಂಗಸಿನ ಕೈಯಲ್ಲಿ ಬಿದ್ದ ಗಂಡಸು ಅಷ್ಟು ಸುಲಭವಾಗಿ ನಗುತ್ತಾನೆಯೇ? ಒಂದು ದಿನ ಧೈರ್ಯ ಮಾಡಿ, ಈ ದೂರಿನಿಂದ ನಿಮಗೇನೂ ತೊಂದರೆಯಿಲ್ಲವೇ ಎಂದು ಕೇಳಿದೆ. “ನಂಗೇನಮ್ಮ? ಬೈತಾರೆ. ಬೈಸ್ಕೊಳ್ಳೋದಕ್ಕೇ ಪೊಲೀಸ್ನೋರು ನಂಗೆ ಸಂಬಳ ಕೊಡೋದು” ಎಂದರು. ಇಷ್ಟು ಹಗುರಾಗಿ ಮಾತಾಡುವವರನ್ನು ನಂಬುವುದು ಹೇಗೆ ಎಂದುಕೊಂಡೆ.

ಆದರೆ ನನ್ನ ಅನುಮಾನ ನಿಂತದ್ದು ಅಜ್ಜಿಯ ಮೇಲೆ. ಅಭ್ಯಾಸದ ಅಂಗಿಗಳನ್ನು ಒಗೆದು, ಹರಿದಲ್ಲಿ ಹೊಲಿದು ಕೊಡುವವಳು ಒಟಾಕೆ ಅಜ್ಜಿ. ನಲವತ್ತು ವರ್ಷದಿಂದ ಇದೇ ಕೆಲಸ. ಮೇ ತಿಂಗಳಲ್ಲಿ ಒಂದು ದಿನ ಅವಳು ಇಶಿಬಾಶಿಯವರ ಅಂಗಿಯ ಕೊರಳಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಡಗೈಯಲ್ಲಿ ಹಿಡಿದು ಜಗ್ಗುವವರ ಜೊತೆ ಆಡಿದರೆ ಕೊರಳಪಟ್ಟಿ ಬೇರೆ ಕಡೆ ಸವೆಯುತ್ತದೆ. ನಮ್ಮಲ್ಲಿ ಎಡಚರು ತೊಮಿ ಗುರುಗಳೊಬ್ಬರೇ. ಅಜ್ಜಿ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, ತನಗೆ ತಾನೇ ನಕ್ಕು, ಹೊಲಿಯತೊಡಗಿದಳು. ಅವಳ ಮಗ ಅಂಚೆ ಕಚೇರಿಯಲ್ಲಿದ್ದಾನೆ. ದಿನವೂ ಅವನಿಗೆ ಬುತ್ತಿ ಒಯ್ಯುತ್ತಾಳೆ. ಒಂದಕ್ಕೊಂದು ಸೇರಿಸಿ ನೋಡು.

ನಾನು ಸೇರಿಸಿದೆ. ಹೋದ ವಾರ ಮೇಷ್ಟ್ರಿಗೆ ಹೇಳಿದೆ. ನಾನಾಗಿ ಅವರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. ಅದಕ್ಕೇ ಇರಬೇಕು, ಅವರು ನಂಬಿದರು. ಅಜ್ಜಿಯನ್ನು ಕರೆದು ಕೇಳಿದರು. ಅವಳು ನೇರ ನನ್ನ ಕಡೆ ತಿರುಗಿದಳು.

“ಕಂಡಿದ್ದು ದಿಟ ಕಣವ್ವ. ನಲವತ್ತು ವರ್ಸ ಇವರ ಬೆವರು ಒಗ್ದಿವ್ನಿ. ಯಾರು ಯಾರ್‌ನ ಹಿಡದವ್ರೆ, ಯಾರು ಅತ್ತವ್ರೆ, ಯಾರು ಹೆದರ್ಕಂಡವ್ರೆ, ಎಲ್ಲಾ ಬಟ್ಟೆಲೇ ಅದೆ. ಬಾಯಿ ಬಿಡೋಳಾಗಿದ್ರೆ ಈ ಊರಾಗೆ ಒಂದು ಮನೆ ನೆಟ್ಟಗಿರ್ತಿರ್ಲಿಲ್ಲ.”

ಮೇಷ್ಟ್ರು ಅವಳನ್ನು ಹೋಗೆನ್ನಲಿಲ್ಲ. ಅವಳೇ ಹೋದಳು. ಮಾರನೆಯ ದಿನ ಅಂಗಿಗಳೆಲ್ಲ ಒಗೆದು, ಹೊಲಿದು, ಮಡಚಿ ಬಾಗಿಲಲ್ಲಿಟ್ಟಿದ್ದವು. ನನ್ನದು ಎಲ್ಲಕ್ಕಿಂತ ಮೇಲೆ. ತಪ್ಪಿಲ್ಲದವಳು ಹೀಗೆ ಹೇಳದೆ ಕೇಳದೆ ಹೋಗುತ್ತಾಳೆಯೇ? ಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನೇನನ್ನುತ್ತೀಯ, ಬರೆ.

ಗುರುಗಳು ಮಾತ್ರ ಯಾರನ್ನೂ ಸಂಶಯಪಡುವುದಿಲ್ಲ. ನಾನು ಅಜ್ಜಿಯ ವಿಷಯ ಎತ್ತಿದಾಗ, “ನುಯಿ, ನೀನು ಎದುರಾಳಿ ಕೈ ನೋಡ್ತೀಯ. ಅದಕ್ಕೇ ದಿನಾ ಬೀಳ್ತೀಯ. ಅವರು ನಿಂತಿರೋದು ಕಾಲ ಮೇಲೆ” ಎಂದರು. ಜೂಡೋದ ಬಗ್ಗೆ ಹೇಳಿದರೋ ಬೇರೆಯದರ ಬಗ್ಗೆಯೋ ತಿಳಿಯಲಿಲ್ಲ.

ದಿನ ಹತ್ತಿರ ಬಂತು. ಹೆದರಬೇಡ. ಎಲ್ಲ ಸುಸೂತ್ರವಾಗಲಿ ಎಂದು ದಿನವೂ ಗುಡಿಯ ಮುಂದೆ ಕೈಮುಗಿದು ಬರುತ್ತಿದ್ದೇನೆ.

ನುಯಿ

ಇನ್ನೊಂದು: ಆ ಪತ್ರ ಸುಟ್ಟೆ ತಾನೇ?

* * *

ಮಾತ್ಸುಯೆ
ಸೆಪ್ಟೆಂಬರ್ 13

ಇಕುಯೊ ಅಕ್ಕನಿಗೆ,

ಗಂಡು ಮಗುವಾಯಿತೆಂದು ನಿನ್ನ ಮನೆಯವರು ಬರೆದ ಕಾರ್ಡು ಆಗಸ್ಟಿನಲ್ಲೇ ಬಂತು. ತಾಯಿ ಮಗು ಕ್ಷೇಮ ಎಂದು ಓದಿ ಕಣ್ಣು ತುಂಬಿತು. ಉತ್ತರ ಬರೆಯಲು ಇಷ್ಟು ದಿನ ಮಾಡಿದೆ. ನಾಲ್ಕು ಸಲ ಕೂತೆ, ನಾಲ್ಕು ಸಲ ಹರಿದೆ. ಸರೋವರದ ಮೇಲೆ ಈಗ ಬೆಳಗ್ಗೆ ತೆಳು ಮಂಜು. ಕಪ್ಪೆಚಿಪ್ಪು ಹಿಡಿಯುವವರ ದೋಣಿಗಳು ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಬಾಣಂತಿಗೆ ಆ ಚಿಪ್ಪಿನ ಸಾರು ಒಳ್ಳೆಯದೆಂದು ಅಮ್ಮ ಹೇಳುತ್ತಾಳೆ. ಅಲ್ಲಿ ಸಿಕ್ಕರೆ ಕುಡಿ.

ಇಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆಗಸ್ಟ್ ಮೂವತ್ತರಂದು ಮಂಡಳಿಯ ಪರಿಶೀಲಕರು ಬಂದರು. ಕೆಟ್ಟ ಮನುಷ್ಯರೇನಲ್ಲ. ದಪ್ಪ ಕನ್ನಡಕ, ಬೆವರೊರೆಸಿಕೊಳ್ಳಲು ಎರಡು ಕರವಸ್ತ್ರ. ದೊಡ್ಡ ಕೋಣೆಯಲ್ಲಿ ಮೇಷ್ಟ್ರು, ಗುರುಗಳು, ಇಶಿಬಾಶಿ ಸಾಲಾಗಿ ಕೂತರು. ನಾನು ಚಹಾ ಹಂಚಿ ಕೆಟಲಿನ ಪಕ್ಕ ಕೂತೆ. ಪರಿಶೀಲಕರು ಚೀಲದಿಂದ ದೂರಿನ ಪ್ರತಿ ತೆಗೆದು ಓದಿದರು. ಮೇ ತಿಂಗಳ ಒಂದು ಗುರುವಾರ ಬೆಳಗ್ಗೆ ಶಿಕ್ಷಕಿ ಪೊಲೀಸ್ ತರಬೇತುದಾರರನ್ನು ಹೆಗಲ ಮೇಲಿಂದ ಎಸೆದರು, ಅವರ ಕಾಲು ಕಾಗದದ ಬಾಗಿಲನ್ನು ಸೀಳಿಕೊಂಡು ಹೊರಗೆ ಬಂತು, ಕಾಲ್ಬೆರಳುಗಳು ಆಡುತ್ತಿದ್ದವು. ಇಂಥ ಬಿರುಸು ಹೆಣ್ಣಿನ ದೇಹಕ್ಕೆ ಮಾರಕ, ನೋಡುವವರಿಗೆ ಅಸಹ್ಯ.

ಓದಿ ಮುಗಿಸಿ ಅವರು ಎದ್ದು ಜಗಲಿಯ ಬಾಗಿಲುಗಳ ಹತ್ತಿರ ಹೋದರು. ಒಂದೊಂದೇ ಚೌಕದ ಕಾಗದಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರು. ನಮ್ಮಲ್ಲಿ ವರ್ಷದ ಕೊನೆಗೆ ಎಲ್ಲ ಕಾಗದವನ್ನೂ ಒಟ್ಟಿಗೆ ಬದಲಿಸುತ್ತಾರೆ. ನಡುವೆ ಒಂದನ್ನು ಹಚ್ಚಿದರೆ ಬಿಳಿಯ ತೇಪೆಯಾಗಿ ಕಾಣುತ್ತದೆ.

“ಎಲ್ಲಾ ಒಂದೇ ಬಣ್ಣ” ಎಂದರು. “ಹೋದ ಡಿಸೆಂಬರಿಂದು. ಇದರಲ್ಲಿ ಹೊಸ ಕಾಗದ ಒಂದೂ ಇಲ್ಲ.”

“ಇಲ್ಲ” ಎಂದರು ಮೇಷ್ಟ್ರು.

ಪರಿಶೀಲಕರ ಮುಖದಲ್ಲಿ ಮೊದಲ ಸಲ ನಗು ಬಂತು. “ಅಂದ್ಮೇಲೆ ಇದು ಯಾರೋ ಹೊಟ್ಟೆಕಿಚ್ಚಿಗೆ ಬರೆದಿದ್ದು. ಆಧಾರ ಇಲ್ಲ ಅಂತ ಎರಡು ಸಾಲು ಬರೀತೀನಿ. ಮೇಡಮ್ಮನೋರು ಅಕ್ಟೋಬರಲ್ಲಿ ಬರಲಿ.”

ಇಶಿಬಾಶಿ ತೊಡೆ ತಟ್ಟಿಕೊಂಡರು. “ನೀವೇ ನೋಡಿ ಸ್ವಾಮಿ. ನಂದು ಇಪ್ಪತ್ತೆರಡು ಕಾನ್ ತೂಕ, ಅಕ್ಕಿ ಮೂಟೆಗಿಂತ ಜಾಸ್ತಿ. ಈಯಮ್ಮ ಒಂದು ಹಿಡಿ. ಇವರು ನನ್ನನ್ನ ಬೀಳಿಸೋದು ಇರಲಿ, ಅಲ್ಲಾಡಿಸಿದ್ರೂ ನಾನು ಮೀಸೆ ಬೋಳಿಸ್ಕೊಳ್ತೀನಿ.”

ಎಲ್ಲರೂ ನಕ್ಕರು. ಅವರು ಗುರುಗಳನ್ನು ಉಳಿಸಲೆಂದೇ ಹಾಗೆಂದರು. ಇಷ್ಟು ದಿನ ನಾನು ಯಾರನ್ನು ಅನುಮಾನದಿಂದ ನೋಡುತ್ತಿದ್ದೆನೋ ಅವರು ತಮ್ಮ ಕೆಲಸಕ್ಕೇ ಕುತ್ತು ಬರಬಹುದಾದ ಸುಳ್ಳನ್ನು ಎಷ್ಟು ಸಲೀಸಾಗಿ ಆಡಿದರೆಂದು ಬೆರಗಾಯಿತು. ನಗದೆ ಇದ್ದವರು ಗುರುಗಳೊಬ್ಬರೇ. ಅವರು ಎರಡೂ ಕೈಗಳನ್ನು ಚಾಪೆಗೆ ಊರಿದರು.

“ಬಾಗಿಲು ಹರೀಲಿಲ್ಲ. ಹೆಗಲ ಮೇಲಿಂದ ಎಸೆದಿದ್ದೂ ಸುಳ್ಳು” ಎಂದರು. “ಅವರ ಕಾಲನ್ನ ನನ್ನ ಕಾಲಿಂದ ಸವರಿ ತಳ್ಳಿದೆ. ಅವರು ಹೆಜ್ಜೆ ಇಡೋ ಮುಂಚೆ ಅಲ್ಲ, ಇಟ್ಟ ಮೇಲೂ ಅಲ್ಲ, ಇಡ್ತಿರೋವಾಗ. ಇದ್ದ ಜಾಗದಲ್ಲೇ ಬಿದ್ದರು.”

ಪರಿಶೀಲಕರು ಲೇಖನಿ ಕೆಳಗಿಟ್ಟರು. “ನಾನು ಇದನ್ನ ಕೇಳಿಸ್ಕೊಳ್ಳಲಿಲ್ಲ ಮೇಡಂ.”

“ಕೇಳಿಸ್ಕೊಳ್ಳಿ. ಹದಿನೇಳು ಸಲ ಅವರು ನನ್ನನ್ನ ಕೆಡವಿದ್ರು, ಅದನ್ನೂ ಬರ್ಕೊಳ್ಳಿ. ಹದಿನೆಂಟನೇದು ನಂದು.”

“ಪರೀಕ್ಷೆ ಹೋಗುತ್ತೆ.”

“ಗೊತ್ತು. ಅದು ಆಗ್ಲಿಲ್ಲ ಅಂತ ನಾನಂದ್ರೆ ಪಟ್ಟಿ ಬರುತ್ತೆ. ಆ ಪಟ್ಟಿ ಕಟ್ಕೊಂಡು ಈ ಹುಡುಗೀರಿಗೆ ಏನು ಹೇಳ್ಕೊಡ್ಲಿ? ಅದು ಆಗ್ಲೇ ಇಲ್ಲ ಅಂತಲೇ?”

ತಲೆ ತಗ್ಗಿಸಿ ಕೂತಿದ್ದ ಇಶಿಬಾಶಿ ಮುಖವೆತ್ತಿ, “ಸ್ವಾಮಿ, ನಂದೂ ತಿದ್ಕೊಳ್ಳಿ. ಬಿದ್ದೆ. ಚೆನ್ನಾಗೇ ಬಿದ್ದೆ” ಎಂದರು.

ಹೋಗುವ ಮುಂಚೆ ಪರಿಶೀಲಕರು ಗುರುಗಳಿಗೆ ದೂರಿನ ಪ್ರತಿಯನ್ನು ಓದಲು ಕೊಟ್ಟರು. ಅವರು ನಿಧಾನವಾಗಿ ಓದಿ ಹಿಂದಿರುಗಿಸಿದರು. ಆಮೇಲೆ ನಾನು ಚಹಾದ ಬಟ್ಟಲುಗಳನ್ನು ಎತ್ತುತ್ತಿದ್ದಾಗ ನನ್ನ ಪಕ್ಕದಲ್ಲಿ ನಿಂತು, “ಬರೆದೋರು ಯಾರೋ, ಕಥೆ ಕಟ್ಟೋಕೆ ಚೆನ್ನಾಗಿ ಬರುತ್ತೆ. ಕಾಲ್ಬೆರಳು ಆಡ್ತಿದ್ವಂತೆ” ಎಂದು ಹೇಳಿ ನನ್ನ ಕೈಗೆ ಪೊರಕೆ ಕೊಟ್ಟರು. ನಾನು ಅವರ ಮುಖ ನೋಡಲಿಲ್ಲ.

ಮೊನ್ನೆ ಸೋಮವಾರ ಮಂಡಳಿಯ ತೀರ್ಮಾನ ಬಂತು. ಅಕ್ಟೋಬರಿನ ಪರೀಕ್ಷೆಯ ಪಟ್ಟಿಯಿಂದ ಕಾಜಿತಾನಿ ತೊಮಿಯ ಹೆಸರು ತೆಗೆಯಲಾಗಿದೆ, ಮುಂದೆಯೂ ಪರಿಗಣಿಸುವುದಿಲ್ಲ. ಹೆಂಗಸರ ವಿಭಾಗವನ್ನು ಈ ತಿಂಗಳಿಗೇ ಮುಚ್ಚಬೇಕು. ಕೆಳಗೆ ಮೂವರ ಸಹಿ. ಮೇಷ್ಟ್ರು ನನ್ನನ್ನು ಕರೆದು ನಮ್ಮ ಹೆಸರಿನ ಹಲಗೆಗಳನ್ನು ಇಳಿಸೆಂದರು. ಗುರುಗಳದ್ದೂ ಸೇರಿ ಹನ್ನೆರಡು. ಮೊಳೆಯಿಂದ ಬಿಡಿಸಿದಲ್ಲೆಲ್ಲ ಗೋಡೆಯಲ್ಲಿ ಬೆಳ್ಳಗಿನ ಚೌಕಗಳು ಉಳಿದವು. ಗುರುಗಳು ಅವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮೀನಿನ ವಡೆಯ ಅಂಗಡಿಯ ಹಿಂದೆ ಅಪ್ಪ ಉಪ್ಪಿನ ಮೂಟೆ ಇಡುವ ಕೋಣೆಯೊಂದಿದೆ, ನಾಲ್ಕು ಚಾಪೆ ಹಿಡಿಯುತ್ತದೆ ಎಂದಷ್ಟೇ ಹೇಳಿದರು. ಯಾರಾದರೂ ಬರುತ್ತಾರೋ ಇಲ್ಲವೋ. ಅಪ್ಪಂದಿರು ಬಿಡಬೇಕಲ್ಲ.

ನಾಳೆ ಶುಕ್ರವಾರ. ಈ ಕೋಣೆಯಲ್ಲಿ ಕೊನೆಯ ತರಗತಿ.

ಮಗುವಿಗೆ ದೃಷ್ಟಿ ತಾಗದಿರಲಿ. ಅವನು ದೊಡ್ಡವನಾಗಿ ನಿನ್ನ ಹಾಗೆ ಬಾಯಿ ತುಂಬ ನಗುವವನಾಗಲಿ. ನಿನಗೆ ಆಯುರಾರೋಗ್ಯವಿರಲಿ.

ನುಯಿ

ಕೊನೆಯ ಮಾತು. ಇದು ಮರೆತದ್ದಲ್ಲ, ಬರೆಯಲಾರದೆ ಕೆಳಗಿನವರೆಗೆ ತಳ್ಳಿಕೊಂಡು ಬಂದದ್ದು.

ಬಾಗಿಲು ಹರಿಯಲಿಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆ ಗುರುವಾರ ನಾನು ಏನನ್ನೂ ನೋಡಿರಲಿಲ್ಲ ಅಕ್ಕ. ಹೇಳಿದಂತೆ ಬಾಗಿಲಿಗೆ ಬೆನ್ನು ಹಾಕಿ ಬೀದಿ ನೋಡುತ್ತ ಕೂತಿದ್ದೆ. ಒಂದೇ ಒಂದು ಮೆತ್ತನೆಯ ಸದ್ದು ಕೇಳಿತು. ಗುರುಗಳು ಬೀಳುವ ಸದ್ದಲ್ಲ, ಅದು ನನಗೆ ಗೊತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇಶಿಬಾಶಿಯವರ ನಗು. ಅಷ್ಟೇ. ಹೆಗಲು, ಗಾಳಿಯಲ್ಲಿ ಸುತ್ತು, ಸೀಳಿದ ಕಾಗದ, ಐದು ಬೆರಳು, ಒಳಗಿನಿಂದ ಬಂದ ಮಾತು, ಎಲ್ಲವನ್ನೂ ನಾಲ್ಕು ದಿನದ ಮೇಲೆ ನಾನು ಮೇಜಿನ ಮುಂದೆ ಕೂತು ಸೇರಿಸಿದೆ. ಮಹಡಿಯಲ್ಲಿ ಮಲಗಿದವಳು ನಗಲೆಂದು.

ಆ ಬೆರಳುಗಳು ಜಗತ್ತಿನಲ್ಲಿ ಒಂದೇ ಕಡೆ ಆಡಿದ್ದವು: ನಿನಗೆ ಬರೆದ ಪತ್ರದಲ್ಲಿ.

ಮಂಡಳಿಯ ತೀರ್ಮಾನಕ್ಕೆ ಸಹಿ ಹಾಕಿದವರಲ್ಲಿ ಮೂರನೆಯವರು ವೈದ್ಯ ಸಲಹೆಗಾರರು, ಡಾಕ್ಟರ್ ಮಿಜೊಗುಚಿ. ನಿನಗೆ ಬರೆಯುವಾಗಲೆಲ್ಲ ಲಕೋಟೆಯ ಮೇಲೆ ನಾನು ಬರೆಯುವ ಮನೆತನದ ಹೆಸರು ಅದು. ನಿನ್ನ ಮಾವನವರು ಡಾಕ್ಟರು ಎಂದು ಗೊತ್ತಿತ್ತು. ಎಲ್ಲಿ ಕೂತು ಯಾರಿಗೆ ಸಲಹೆ ಕೊಡುತ್ತಾರೆಂದು ನಾನು ಕೇಳಿರಲಿಲ್ಲ, ನೀನು ಹೇಳಿರಲಿಲ್ಲ.

ಯಾಕೆ ನಕ್ಕೆ ಎಂದು ಅವರು ಕೇಳಿದಾಗ ನೀನೇ ಓದಿ ಹೇಳಿದೆಯೋ, ಅಥವಾ ಪತ್ರ ನಿನ್ನ ಕೈಗೆ ಬರುವ ಮುಂಚೆಯೇ ಕೆಳಗಡೆ ಯಾರೋ ಬಿಡಿಸಿ ಓದಿ, ಮತ್ತೆ ದಪ್ಪಗೆ ಅಂಟು ಹಚ್ಚುವ ಮನೆಯೋ ಅದು, ನನಗೆ ತಿಳಿಯದು. ಎರಡನ್ನೂ ಇಷ್ಟು ದಿನ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಒಂದು ದಿನ ನೀನು ತಪ್ಪಿತಸ್ಥೆ, ಮಾರನೆಯ ದಿನ ಅಲ್ಲ. ಅಜ್ಜಿಯ ಹೆಬ್ಬೆರಳನ್ನು, ಇಶಿಬಾಶಿಯವರ ನಗುವನ್ನು ಕಾವಲು ಕಾಯುತ್ತಿದ್ದವಳು ನಾನು. ನನ್ನ ಕೈ ಏನು ಬರೆಯುತ್ತಿದೆ ಎಂದು ಮಾತ್ರ ನೋಡಲಿಲ್ಲ. ಆಣೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದು ನೀನಲ್ಲ. ನಾನು.

ನಾಳೆ ಎಲ್ಲರೂ ಚಾಪೆಯ ಮೇಲೆ ಕೂತ ಮೇಲೆ ಇದನ್ನು ಹೇಳುತ್ತೇನೆ. ನನಗೆ ದನಿ ಹೊರಡುತ್ತದೋ ಇಲ್ಲವೋ. ಹೊರಡದಿದ್ದರೆ ಬರೆದುಕೊಂಡು ಹೋಗಿ ಓದುತ್ತೇನೆ. ಅಲ್ಲಿಂದ ಒಟಾಕೆ ಅಜ್ಜಿಯ ಮನೆಗೆ. ಅವಳು ಬಾಗಿಲು ತೆರೆಯದಿದ್ದರೆ ಹೊರಗೇ ಕೂರುತ್ತೇನೆ.

ನೀನು ಉತ್ತರ ಬರೆಯಬೇಕಾಗಿಲ್ಲ. ಬರೆದರೆ ಅಂಟು ಹಚ್ಚಬೇಡ, ಕಾರ್ಡಿನಲ್ಲೇ ಬರೆ.

ಡಾಕ್ಟರೇ, ಇದನ್ನು ನೀವೇ ಮೊದಲು ಓದುತ್ತಿದ್ದರೆ, ಓದಿ ಮುಗಿಸಿ ಇಕುಯೊಗೆ ಕೊಡಿ. ಈ ಸಲ ನಾನು ಏನನ್ನೂ ಸೇರಿಸಿಲ್ಲ.